ಡಿಸೆಂಬರ್ ರಜೆ, ಎರಡು ಪುಟ್ಟ ಮಕ್ಕಳು, ಕೈಯಲ್ಲಿ ನಾಲ್ಕೇ ದಿನ: ಎಲ್ಲಿಗೆ ಹೋಗೋಣ?

ಜಯನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಮಗಳ ಶಾಲೆಗೆ ಡಿಸೆಂಬರ್ 24ರಿಂದ ಜನವರಿ 1ರವರೆಗೆ ರಜೆ. ನನಗೂ ಯಜಮಾನರಿಗೂ ಸೋಮವಾರ, ಮಂಗಳವಾರ ಆಫೀಸಿನಲ್ಲಿ ರಜೆ ಸಿಕ್ಕಿದೆ. ಶನಿವಾರ, ಭಾನುವಾರ ಸೇರಿಸಿದರೆ 27ರಿಂದ 30ರವರೆಗೆ ನಾಲ್ಕು ದಿನ.

ಹೋದ ವರ್ಷದ ಕಥೆ ಮೊದಲು ಹೇಳುತ್ತೇನೆ, ಆಗ ನನ್ನ ಭಯ ಅರ್ಥವಾಗುತ್ತದೆ. ಮಲೆನಾಡಿನ ಕಡೆ ಒಂದು ರೆಸಾರ್ಟ್ ಬುಕ್ ಮಾಡಿದ್ದೆವು. ಫೋಟೋದಲ್ಲಿ ಸ್ವರ್ಗ. ಘಾಟಿ ಶುರುವಾದ ಕೂಡಲೇ ಮಗಳು ವಾಂತಿ. ಅವಳನ್ನು ನೋಡಿ ಮಗನೂ ವಾಂತಿ. ತಲುಪಿದಾಗ ಕತ್ತಲಾಗಿತ್ತು. ರೂಮಿಗೆ ಐವತ್ತು ಮೆಟ್ಟಿಲು, ಬಿಸಿನೀರು ಬೆಳಗ್ಗೆ ಒಂದು ಗಂಟೆ ಮಾತ್ರ, ಊಟದಲ್ಲಿ ಎಲ್ಲವೂ ಖಾರ. ಎರಡನೇ ರಾತ್ರಿ ಮಗನಿಗೆ ಜ್ವರ. ಮೂರು ದಿನಕ್ಕೆ ದುಡ್ಡು ಕಟ್ಟಿ ಎರಡನೇ ದಿನವೇ ವಾಪಸ್ ಬಂದೆವು. ಮಗಳನ್ನು ರಜೆಯಲ್ಲಿ ಏನು ನೋಡಿದೆ ಅಂತ ಟೀಚರ್ ಕೇಳಿದ್ದಕ್ಕೆ "ಬಕೆಟ್" ಅಂದಳಂತೆ.

ಈ ಸಲದ ಪ್ಲಾನ್ ಹೀಗಿದೆ. ಶನಿವಾರ ನಂದಿ ಬೆಟ್ಟದಲ್ಲಿ ಸೂರ್ಯೋದಯ. ಭಾನುವಾರ ಬನ್ನೇರುಘಟ್ಟ. ಸೋಮವಾರ ಮೈಸೂರಿಗೆ ಹೋಗಿ ಅರಮನೆ, ಚಾಮುಂಡಿ ಬೆಟ್ಟ. ಮಂಗಳವಾರ ಜೂ ನೋಡಿ, ದಾರಿಯಲ್ಲಿ ಜಾನಪದ ಲೋಕ ನೋಡಿ ಮನೆಗೆ. ಸಣ್ಣ ಕಾರಿದೆ. ಖರ್ಚು ಹಿಡಿತದಲ್ಲಿರಬೇಕು. ಸರಿ ಇದೆಯಾ? ತಪ್ಪಿದ್ದರೆ ಬೈಯಿರಿ, ಆದರೆ ಮೆಲ್ಲಗೆ.

ಒಂಟಿಕೊಪ್ಪಲು:
ಮೆಲ್ಲಗೇ ಬೈಯುತ್ತೇನೆ. ಮಂಗಳವಾರ ಮೈಸೂರು ಜೂಗೆ ವಾರದ ರಜೆ. ಪಕ್ಕದ ಕಾರಂಜಿ ಕೆರೆಗೂ ರಜೆ. ಜಾನಪದ ಲೋಕಕ್ಕೂ ಮಂಗಳವಾರವೇ ರಜೆ. ಅಂದರೆ ನಿಮ್ಮ ಕೊನೇ ದಿನ ಪೂರ್ತಿ ಮುಚ್ಚಿದ ಗೇಟುಗಳ ದರ್ಶನ.

ವರ್ಷದ ಕೊನೆಗೆ ಜನ ಜಾಸ್ತಿ ಬರುತ್ತಾರೆ ಅಂತ ಕೆಲವು ಸಲ ಮಂಗಳವಾರವೂ ಜೂ ತೆರೆದಿರುತ್ತಾರೆ. ಅದನ್ನು ನಂಬಿಕೊಂಡು ಹೊರಡಬೇಡಿ, ಮೊದಲು ವಿಚಾರಿಸಿ. ನಾನಾಗಿದ್ದರೆ ತಿರುಗಿಸಿ ಹಾಕುತ್ತಿದ್ದೆ. ಭಾನುವಾರ ಹೊರಟು ದಾರಿಯಲ್ಲಿ ಜಾನಪದ ಲೋಕ, ಸಂಜೆ ಅರಮನೆ ದೀಪ, ಸೋಮವಾರ ಬೆಳಗ್ಗೆ ಜೂ. ಭಾನುವಾರ ಅರಮನೆಗೆ ದೀಪ ಗ್ಯಾರಂಟಿ.

ಜಯನಗರದ ಅಮ್ಮ:
ಅಯ್ಯೋ ದೇವರೇ. ಮೂರಕ್ಕೆ ಮೂರೂ ಮಂಗಳವಾರ ರಜೆನಾ?

ಹಳೇ ಸ್ಕೂಟರ್:
ಬನ್ನೇರುಘಟ್ಟಕ್ಕೂ ಮಂಗಳವಾರವೇ. ತಾರಾಲಯಕ್ಕೆ ಮಾತ್ರ ಸೋಮವಾರ. ನಮ್ಮ ಮನೆಯಲ್ಲಿ ಇದನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇವೆ. ಒಂದು ಸಲ ಗೇಟಿನ ತನಕ ಹೋಗಿ ಬಂದವರು ನಾವು.

ಈಗ ನಂದಿ ಬೆಟ್ಟ. ನಾನು ಇಪ್ಪತ್ತು ವರ್ಷದಿಂದ ಹೋಗುತ್ತಿದ್ದೇನೆ, ಇಷ್ಟವಾದ ಜಾಗ, ಆದ್ದರಿಂದಲೇ ಹೇಳುತ್ತೇನೆ. ಡಿಸೆಂಬರ್ ಕೊನೇ ಶನಿವಾರ, ಮೂರು ವರ್ಷದ ಮಗು, ಸೂರ್ಯೋದಯ. ಈ ಮೂರೂ ಒಟ್ಟಿಗೆ ಬೇಡ. ಸೂರ್ಯ ಹುಟ್ಟುವುದನ್ನು ನೋಡಬೇಕಾದರೆ ಜಯನಗರವನ್ನು ನಾಲ್ಕು ಗಂಟೆಗೇ ಬಿಡಬೇಕು. ಬೆಟ್ಟದ ಬುಡದಲ್ಲಿ ಕಾರಿನ ಸಾಲು. ಮೇಲೆ ಹೋದರೆ ಮಂಜು ಎಷ್ಟು ದಟ್ಟ ಅಂದರೆ ಸೂರ್ಯ ಹುಟ್ಟಿದ ಸುದ್ದಿ ಪಕ್ಕದವರು ಹೇಳಬೇಕು. 1,478 ಮೀಟರ್ ಎತ್ತರ, ಗಾಳಿ ಜೋರು. ಜೊತೆಗೆ ಕೋತಿಗಳು. ಮಗುವಿನ ಕೈಯಲ್ಲಿ ಬಿಸ್ಕತ್ ಕಂಡರೆ ನಿಮ್ಮನ್ನು ಕೇಳುವುದಿಲ್ಲ.

ಹೋಗಲೇಬೇಕು ಅಂದರೆ ಜನವರಿ ನಡುವೆ ಯಾವುದಾದರೂ ಬುಧವಾರ, ಬೆಳಗ್ಗೆ ಹತ್ತಕ್ಕೆ.

ಅಜ್ಜಿ ನಂಬರ್ ಒನ್:
ಎಲ್ಲಿಗಾದರೂ ಹೋಗಿ ಮಗಳೇ. ಮಕ್ಕಳ ಕಿವಿ ಮುಚ್ಚುವ ಹಾಗೆ ಉಣ್ಣೆ ಟೋಪಿ ಹಾಕಿ. ಈಗಿನವರು ಬರೀ ಸ್ವೆಟರ್ ಹಾಕಿ ಕಿವಿ ಬಿಟ್ಟುಬಿಡುತ್ತೀರಿ. ಇಬ್ಬರಿಗೂ ಎರಡೆರಡು ಟೋಪಿ ಇಟ್ಟುಕೊಳ್ಳಿ.

ಮ್ಯೂನಿಕ್ ಮಾವ:
ಅಜ್ಜಿ, ಕ್ಷಮಿಸಿ, ನಗು ಬಂತು. ನಾವು ನಿನ್ನೆ ತಾನೇ ರಜೆಗೆ ಊರಿಗೆ ಬಂದೆವು. ಬೆಂಗಳೂರಿನಲ್ಲಿ ಬೆಳಗ್ಗೆ 15, 16 ಡಿಗ್ರಿ. ನಮ್ಮ ಐದು ವರ್ಷದವನು ಬನಿಯನ್ನಿನಲ್ಲಿ ಓಡಾಡುತ್ತಿದ್ದಾನೆ. ಅಕ್ಕಪಕ್ಕದವರೆಲ್ಲ ಮಂಕಿ ಕ್ಯಾಪ್ ಹಾಕಿಕೊಂಡು ಅವನನ್ನು ಅನಾಥ ಮಗುವನ್ನು ನೋಡುವ ಹಾಗೆ ನೋಡುತ್ತಾರೆ.

ಅಜ್ಜಿ ನಂಬರ್ ಒನ್:
ನಿಮ್ಮ ದೇಶದಲ್ಲಿ ಚಳಿ ಮನೆಯ ಹೊರಗೆ ಇರುತ್ತದೆ ಮಾವ. ಒಳಗೆ ಹೀಟರ್ ಹಾಕಿರುತ್ತೀರಿ. ನಮ್ಮಲ್ಲಿ ಮನೆಯೊಳಗೂ ಅದೇ ಚಳಿ, ಮೊಸಾಯಿಕ್ ನೆಲದಲ್ಲಿ ಇನ್ನೂ ಜಾಸ್ತಿ. ಎರಡು ದಿನ ಬಿಟ್ಟು ಮಗುವಿನ ಮೂಗು ನೋಡಿ ಹೇಳಿ.

ಮೂರು ಮಕ್ಕಳ ಅಪ್ಪ:
ಮೇಡಂ, ನಿಮ್ಮ ಪ್ಲಾನಿನಲ್ಲಿ ತೊಂದರೆ ಇರುವುದು ಜಾಗಗಳಲ್ಲಿ ಅಲ್ಲ, ಎಣಿಕೆಯಲ್ಲಿ. ನಾಲ್ಕು ದಿನಕ್ಕೆ ಆರು ಜಾಗ ಹಾಕಿದ್ದೀರಿ. ಮೂರು ವರ್ಷದ ಮಗುವಿಗೆ ದಿನಕ್ಕೆ ಒಂದು ಜಾಗ, ಅದೂ ಮಧ್ಯಾಹ್ನದ ನಿದ್ದೆಯ ಮುಂಚೆ. ನಿದ್ದೆ ತಪ್ಪಿದರೆ ಸಂಜೆಗೆ ಅರಮನೆ ಏನು, ದೇವಲೋಕವನ್ನೇ ತೋರಿಸಿ, ಅಳುತ್ತದೆ.

ಶನಿವಾರ ಊರೊಳಗೇ ಇರಿ. ಮೆಟ್ರೋ ಹತ್ತಿಸಿ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ. ನನ್ನ ಚಿಕ್ಕವನಿಗೆ ಮೆಟ್ರೋನೇ ಟ್ರಿಪ್ಪು. ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. ಹೊರಗೇ ಮರುತ್ ಯುದ್ಧ ವಿಮಾನ, ಉಗಿಬಂಡಿ ಎಂಜಿನ್ ನಿಂತಿವೆ. ಒಳಗೆ ರೈಟ್ ಸಹೋದರರ ವಿಮಾನದ ಮಾದರಿ. ಗುಂಡಿ ಒತ್ತಿದರೆ ಏನೋ ತಿರುಗುತ್ತದೆ, ಏನೋ ಉರಿಯುತ್ತದೆ. ಆರು ವರ್ಷದ ಮಗು ಅಲ್ಲಿಂದ ಹೊರಗೆ ಬರುವುದಿಲ್ಲ ಅನ್ನುತ್ತದೆ. ಅಲ್ಲಿರುವ ಗುರುಗುಟ್ಟುವ ಡೈನೋಸಾರ್ ಕಂಡು ಚಿಕ್ಕವನು ಹೆದರಬಹುದು. ನಮ್ಮವನು ಹೆದರಿ ಅಮ್ಮನ ಸೆರಗಿನೊಳಗೆ ಸೇರಿದ, ಆಮೇಲೆ ತಿಂಗಳುಗಟ್ಟಲೆ ಡೈನೋಸಾರ್ ಆಟವನ್ನೇ ಆಡಿದ.

ಇನ್ನೊಂದು ಮಾತು. ಎರಡು ವರ್ಷದ ಹಿಂದೆ ಇದೇ ರಜೆಯಲ್ಲಿ, ಜನಜಂಗುಳಿಯ ಒಂದು ಜಾಗದಲ್ಲಿ ನಮ್ಮ ನಡುವಿನವಳು ಹತ್ತು ನಿಮಿಷ ಕಾಣೆಯಾಗಿದ್ದಳು. ನಾನು ಹೆಂಡತಿಯ ಜೊತೆ ಇದ್ದಾಳೆ ಅಂದುಕೊಂಡೆ, ಅವಳು ನನ್ನ ಜೊತೆ ಅಂದುಕೊಂಡಳು. ಬಳೆ ಅಂಗಡಿಯವರೊಬ್ಬರು ಕೂರಿಸಿಕೊಂಡಿದ್ದರು. ಅವತ್ತಿನಿಂದ ಮನೆ ಬಿಡುವ ಮುಂಚೆ ಮೂವರ ಮುಂಗೈ ಮೇಲೂ ನನ್ನ ಫೋನ್ ನಂಬರ್ ಪೆನ್ನಿನಲ್ಲಿ ಬರೆಯುತ್ತೇನೆ. ಯಾವ ಮಗುವಿಗೆ ಯಾರು ಅಂತ ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ. "ನೋಡ್ಕೋ" ಅಂತ ಗಾಳಿಗೆ ಹೇಳುವುದಿಲ್ಲ.

ಟೀಚರಮ್ಮ:
ಒಂದು ಸಣ್ಣ ವಿಷಯ. ಈ ಒಂಬತ್ತು ದಿನದ ರಜೆ ಎಲ್ಲ ಮಕ್ಕಳಿಗೂ ಇಲ್ಲ. ನಾನು ಸರ್ಕಾರಿ ಶಾಲೆಯಲ್ಲಿ ಒಂದನೇ, ಎರಡನೇ ತರಗತಿಗೆ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಿಗೆ ದೊಡ್ಡ ರಜೆ ದಸರೆಗೆ ಮುಗಿಯಿತು. ಈಗ 25ನೇ ತಾರೀಖು ಒಂದು ದಿನ, ಅಷ್ಟೇ. ದೂರು ಅಲ್ಲ, ಸುಮ್ನೆ ಹೇಳಿದೆ. ಒಂದೇ ದಿನದ ರಜೆಯವರೂ ಇದನ್ನು ಓದುತ್ತಿರುತ್ತಾರೆ.

ನಾನು ನನ್ನ ಮಗಳನ್ನು ಕ್ರಿಸ್‌ಮಸ್ ದಿನ ಸಂಜೆ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾಗೆ ಗೋದಲಿ ನೋಡಲು ಕರೆದುಕೊಂಡು ಹೋಗುತ್ತೇನೆ. ಹುಲ್ಲು, ಕುರಿ, ದನ, ತೊಟ್ಟಿಲ ಕೂಸು. ನಮ್ಮ ಮನೆಯ ದಸರಾ ಗೊಂಬೆಗೆ ಅಭ್ಯಾಸವಾದ ಮಗಳು ಮೊದಲ ಸಲ ಕೇಳಿದ್ದು "ಇವರು ಒಂದೇ ಮೆಟ್ಟಿಲು ಕಟ್ಟಿದ್ದಾರಲ್ಲ?" ಅಂತ. ಹೋಗಿಬರಲು ಖರ್ಚಿಲ್ಲ. ಶಕ್ತಿ ಯೋಜನೆಯ ಬಸ್ಸು ನಮಗಿಬ್ಬರಿಗೂ ಉಚಿತ. ಬರುವಾಗ ಒಂದು ಪ್ಲಮ್ ಕೇಕ್ ತುಂಡು.

ಹಾಂ, ರಜೆಯಲ್ಲಿ ಕೊಡುವ "ಪ್ರಾಜೆಕ್ಟ್" ಬಗ್ಗೆ ಯಾರಾದರೂ ಮಾತಾಡಿ. ಆರು ವರ್ಷದವರಿಗೆ ಥರ್ಮೋಕೋಲ್ ಅರಮನೆ ಮಾಡಿಕೊಂಡು ಬಾ ಅಂದರೆ ಮಾಡುವವರು ಯಾರು ಅಂತ ಕೊಡುವವರಿಗೂ ಗೊತ್ತು.

ಹಳೇ ಸ್ಕೂಟರ್:
ಹೋದ ವರ್ಷ ನಾನು ಮಾಡಿದ ಜ್ವಾಲಾಮುಖಿಗೆ ಬಿ ಗ್ರೇಡ್ ಬಂತು ಟೀಚರ್. ಇನ್ನೂ ಬೇಜಾರಿದೆ.

ಕಲಬುರ್ಗಿ ರೊಟ್ಟಿ:
ನೀವೆಲ್ಲ ಟಿಕೆಟ್ ತೆಗೆದುಕೊಂಡು ನೋಡುವ ಜಾಗಗಳನ್ನೇ ಹೇಳುತ್ತಿದ್ದೀರಿ. ನಮ್ಮ ಕಡೆ ಚಳಿಗಾಲದ ಟ್ರಿಪ್ ಅಂದರೆ ಹೊಲ. ಎಳ್ಳ ಅಮಾವಾಸ್ಯೆಗೆ ಇಡೀ ಮನೆ ಹೊಲಕ್ಕೆ ಹೋಗುತ್ತದೆ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಂದಿತ್ತು, ನೇರ ರಜೆಯೊಳಗೇ. ಬೆಂಗಳೂರಿನಿಂದ ಅಣ್ಣನ ಮಕ್ಕಳು ಬಂದಿದ್ದರು. ಈ ಸಲ 19ಕ್ಕೇ ಬಂದು ಹೋಯಿತು, ಅವರಿಗೆ ಶಾಲೆ ಇತ್ತು, ಫೋನಿನಲ್ಲಿ ಅತ್ತರು.

ಏನು ಮಾಡುತ್ತೇವೆ ಅಂದರೆ, ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ. ಆಮೇಲೆ ಮಾಡಿದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಕೂಗುತ್ತಾ ಹೊಲದ ತುಂಬ ಚೆಲ್ಲುವುದು. ಅದಕ್ಕೆ ಚರಗ ಚೆಲ್ಲುವುದು ಅಂತಾರೆ. ಊಟ ಚೆಲ್ಲಬೇಡ ಅಂತ ವರ್ಷವೆಲ್ಲ ಬೈಸಿಕೊಂಡ ಮಕ್ಕಳಿಗೆ ಅವತ್ತು ಚೆಲ್ಲು ಅಂದರೆ ಹೇಗಿರಬೇಡ! ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಜೋಳ ಆಗ ಮಕ್ಕಳ ತಲೆಗಿಂತ ಎತ್ತರ ಇರುತ್ತದೆ. ಕಣ್ಣಾಮುಚ್ಚಾಲೆ ಶುರು ಮಾಡಿದರೆ ಹುಡುಕಿ ತರಲು ನಾಲ್ಕು ಜನ ಬೇಕು.

ಸಂಕ್ರಾಂತಿ ಮುಗಿದ ಮೇಲೆ ಬಂದರೆ ಸೀತನಿ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಬಿಸಿ ತಿನ್ನುವುದು. ಅದಕ್ಕೆ ಯಾವ ಊರಿನ ಜೂ ಸಾಟಿ?

ಜಯನಗರದ ಅಮ್ಮ:
ಅಣ್ಣಾ, ನಮಗೆ ಹೊಲ ಇಲ್ಲ. ಇರುವುದು ಬಾಲ್ಕನಿಯಲ್ಲಿ ಮೂರು ತುಳಸಿ ಕುಂಡ.

ಕಲಬುರ್ಗಿ ರೊಟ್ಟಿ:
ನಮ್ಮ ಹೊಲಕ್ಕೆ ಬನ್ನಿ ಅಕ್ಕಾ. ಸುಮ್ಮನೆ ಬಾಯಿಮಾತಿಗೆ ಹೇಳಿದ್ದಲ್ಲ.

ಬೈಂದೂರು ಹುಡುಗ:
ಕರಾವಳಿಯ ಪರವಾಗಿ ಒಂದು ಮಾತು. ನಮಗೆ ಚಳಿಯೇ ಇಲ್ಲ, ಟೋಪಿ ಅಜ್ಜಿಗೆ ಇಲ್ಲಿ ಕೆಲಸವಿಲ್ಲ. ಡಿಸೆಂಬರ್‌ನಲ್ಲಿ ಸಮುದ್ರ ಶಾಂತ. ಮಳೆಗಾಲದಲ್ಲಿ ನಿಂತ ದೋಣಿಗಳು ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಮತ್ತೆ ಹೋಗುತ್ತಿರುತ್ತವೆ. ಅಲ್ಲಿನ ಕಲ್ಲಿನ ಕಂಬಗಳು ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಹಾಗಾದದ್ದು. ಆರು ವರ್ಷದವಳಿಗೆ ಮೂಲೆ ಎಣಿಸಲು ಹೇಳಿ. ಆದರೆ ಚಿಕ್ಕವನನ್ನು ಕಲ್ಲಿನ ಮೇಲೆ ಓಡಲು ಬಿಡಬೇಡಿ, ಜಾರುತ್ತದೆ.

ಅದಕ್ಕಿಂತ ದೊಡ್ಡದು ಆಟ. ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟಿರುತ್ತವೆ, ಮೇ ಕೊನೆಯ ಪತ್ತನಾಜೆ ತನಕ ತಿರುಗಾಟ. ರಜೆಯಲ್ಲಿ ಯಾವುದಾದರೂ ಗದ್ದೆಯಲ್ಲಿ ಹರಕೆ ಆಟ ಇದ್ದೇ ಇರುತ್ತದೆ. ಟಿಕೆಟ್ ಇಲ್ಲ, ಚಾಪೆ ಹಿಡಿದು ಹೋಗಿ. ನಾನು ನಾಲ್ಕು ವರ್ಷದವನಿದ್ದಾಗ ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡಿದವರ ಜೊತೆ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಚೌಕಿಗೆ ಕರೆದುಕೊಂಡು ಹೋಗಿ ಬಣ್ಣ ಹಚ್ಚುವುದನ್ನು ತೋರಿಸಿ. ಆ ಅಸುರ ಆಗಷ್ಟೇ ಚಾ ಕುಡಿಯುತ್ತಿದ್ದ ಮನುಷ್ಯ ಅಂತ ಗೊತ್ತಾದರೆ ಹೆದರಿಕೆ ಅರ್ಧಕ್ಕೆ ಇಳಿಯುತ್ತದೆ.

ಮೂರು ಮಕ್ಕಳ ಅಪ್ಪ:
ರಾತ್ರಿ ಎಲ್ಲ ಚೆಂಡೆ ಸದ್ದು, ಮೂರು ವರ್ಷದ ಮಗು! ನಾನು ಈಗಷ್ಟೇ ನಿದ್ದೆಯ ಬಗ್ಗೆ ಪುರಾಣ ಹೇಳಿದೆ.

ಬೈಂದೂರು ಹುಡುಗ:
ಚೆಂಡೆ ಸದ್ದಿಗೆ ನಿದ್ದೆ ಮಾಡದ ಕರಾವಳಿ ಮಗು ಇಲ್ಲ ಸರ್. ತಮಾಷೆಗೆ ಹೇಳಿದೆ. ಈಗ ಕಾಲಮಿತಿ ಆಟಗಳೂ ಬೇಕಾದಷ್ಟಿವೆ, ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುತ್ತವೆ. ಮಕ್ಕಳಿಗೆ ಮೊದಲ ಒಂದು ಗಂಟೆ ಸಾಕು. ಎದ್ದು ಬಂದರೆ ಭಾಗವತರು ಬೇಜಾರು ಮಾಡಿಕೊಳ್ಳುವುದಿಲ್ಲ.

ಜಯನಗರದ ಅಮ್ಮ:
ಆಸೆ ಆಯಿತು. ಆದರೆ ಘಾಟಿ ನೆನೆದರೆ ಬಕೆಟ್ ನೆನಪಾಗುತ್ತದೆ. ನಾಲ್ಕು ದಿನದಲ್ಲಿ ಎರಡು ದಿನ ದಾರಿಗೇ ಹೋಗುತ್ತದೆ.

ಹಳೇ ಸ್ಕೂಟರ್:
ಮುಂದಿನ ವರ್ಷಕ್ಕೆ ರೈಲು ಇಟ್ಟುಕೊಳ್ಳಿ. ಹಗಲು ರೈಲಿನಲ್ಲಿ ಮಂಗಳೂರಿಗೆ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇರುತ್ತದೆ. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ಬರುವಷ್ಟರಲ್ಲಿ 57 ಸುರಂಗ. ನನ್ನ ಮೊಮ್ಮಗಳು ಬೆರಳು ಮಡಚಿ ಎಣಿಸಲು ಶುರು ಮಾಡಿ ಮೂವತ್ತೆರಡಕ್ಕೆ ಲೆಕ್ಕ ತಪ್ಪಿ, ವಾಪಸ್ ಬರುವಾಗ ಮತ್ತೆ ಎಣಿಸಿದಳು. ರೈಲು ಮೆಲ್ಲಗೆ ಹೋಗುವುದರಿಂದ ಕಾರಿನ ಹಾಗೆ ಹೊಟ್ಟೆ ತೊಳಸುವುದು ನಮಗಂತೂ ಆಗಲಿಲ್ಲ. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಡಿಸೆಂಬರ್ ಕೊನೇ ವಾರಕ್ಕೆ ಬೇಕು ಅಂದರೆ ಅಕ್ಟೋಬರ್ ಕೊನೆಯಲ್ಲೇ ಎದ್ದು ಕೂರಬೇಕು. ಈ ಸಲಕ್ಕೆ ತಡ.

ಕಾರಿನಲ್ಲೇ ಹೋಗುವವರಿಗೆ ನಮ್ಮ ಮನೆಯ ಉಪಾಯ. ಹೊರಡುವ ಮುಂಚೆ ಹಾಲು ಬೇಡ, ಎರಡು ಇಡ್ಲಿ ಸಾಕು. ಫೋನ್ ಕೈಗೆ ಕೊಡಬೇಡಿ. ತಿರುವಿನ ರಸ್ತೆಯಲ್ಲಿ ಪರದೆ ನೋಡುತ್ತಾ ಕೂತರೆ ವಾಂತಿ ಖಚಿತ. ದೂರ ನೋಡಲಿ. ನಿಂಬೆಹಣ್ಣು ಮೂಸಲು ಕೊಡುತ್ತೇವೆ. ಮಾತ್ರೆ ಬೇಕಾದರೆ ಮಕ್ಕಳ ಡಾಕ್ಟರನ್ನೇ ಕೇಳಿ, ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ.

ಕೆರೆ ಏರಿ:
ಹಕ್ಕಿ ಇಷ್ಟವಿದ್ದರೆ ಮೈಸೂರು ದಾರಿಯಲ್ಲಿ ಕೊಕ್ಕರೆ ಬೆಳ್ಳೂರು ಇದೆ, ಮದ್ದೂರು ತಾಲ್ಲೂಕು. ಊರ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಆದರೆ ನಿಜ ಹೇಳಬೇಕು, ಡಿಸೆಂಬರ್ ಕೊನೆಗೆ ಬಸುರಿಯರು ಇನ್ನೂ ಬರುತ್ತಿರುತ್ತಾರೆ. ಮರಿಗಳನ್ನು ನೋಡಬೇಕಾದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಒಂದು ಭಾನುವಾರ ಸಾಕು.

ಈಗ ಹೋಗುವವರಿಗೆ ರಂಗನತಿಟ್ಟು. ದೋಣಿಯಲ್ಲಿ ಕೂರಿಸಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ತೋರಿಸುತ್ತಾರೆ. 1940ರಿಂದ ಪಕ್ಷಿಧಾಮ. ಎಷ್ಟು ಜಾತಿ ಹಕ್ಕಿ ಇವೆ ಅಂತ ಮಕ್ಕಳಿಗೆ ಹೇಳಲು ಹೋಗಬೇಡಿ. ಅವರಿಗೆ ಮೊಸಳೆ ಸಾಕು.

ಒಂಟಿಕೊಪ್ಪಲು:
ನಮ್ಮೂರಿಗೆ ಬರುತ್ತೀರಿ ಅಂತಾಯಿತು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ದಾರಿ: ಎಕ್ಸ್‌ಪ್ರೆಸ್‌ವೇ ಹತ್ತಿಬಿಟ್ಟರೆ ರಾಮನಗರ, ಚನ್ನಪಟ್ಟಣ ಎರಡೂ ಪಕ್ಕಕ್ಕೆ ಉಳಿದುಬಿಡುತ್ತವೆ. ಬಿಡದಿಯಿಂದಾಚೆ ಹಳೇ ರಸ್ತೆ ಹಿಡಿಯಿರಿ. ಜಾನಪದ ಲೋಕ ಅದರ ಮೇಲೇ ಇದೆ. ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಸೇರಿಸಿದ ಸಾಮಾನು. ಬೀಸುಕಲ್ಲು, ಒನಕೆ, ಮೀನಿನ ಕೂಳಿ, ತೊಗಲುಗೊಂಬೆ. ಹದಿನೈದು ಎಕರೆ, ಮರದ ನೆರಳು, ಮಕ್ಕಳು ಓಡಬಹುದು. ಆಮೇಲೆ ಚನ್ನಪಟ್ಟಣದಲ್ಲಿ ಒಂದು ಬುಗುರಿಯೋ ಗಾಡಿಯೋ ಕೊಡಿಸಿ. ಆಲೆ ಮರವನ್ನು ತಿರುಗಣಿಯಲ್ಲಿ ತಿರುಗಿಸುತ್ತಾ ಅರಗಿನ ಬಣ್ಣ ಹಿಡಿದರೆ ಆ ಬಿಸಿಗೇ ಬಣ್ಣ ಕರಗಿ ಅಂಟಿಕೊಳ್ಳುತ್ತದೆ. ಅದನ್ನು ಮಾಡಿ ತೋರಿಸುವವರು ಸಿಕ್ಕರೆ ಐದು ನಿಮಿಷ ನಿಲ್ಲಿ. ಆಟಿಕೆಗಿಂತ ಅದೇ ಚೆಂದ.

ಅರಮನೆ: ಹಗಲು ಒಳಗೆ ಹೋಗುವುದು ಈ ಸಲ ಬಿಡಿ. ಚಪ್ಪಲಿ ಬಿಚ್ಚಿ, ಸಾಲಿನಲ್ಲಿ ನಿಂತು, ಮುಟ್ಟಬೇಡ ಮುಟ್ಟಬೇಡ ಅನ್ನುತ್ತಾ ಹೋಗಬೇಕು. ಮೂರು ವರ್ಷದವನಿಗೆ ಅದೊಂದು ಶಿಕ್ಷೆ. ಸಂಜೆ ಬನ್ನಿ. ಡಿಸೆಂಬರ್ ಕೊನೆಗೆ ಅರಮನೆಯ ಅಂಗಳದಲ್ಲಿ ಮಾಗಿ ಉತ್ಸವದ ಹೂವಿನ ಪ್ರದರ್ಶನ ಇರುತ್ತದೆ. ಏಳು ಗಂಟೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತವೆ. ಆರೂವರೆಗೆಲ್ಲ ಜಾಗ ಹಿಡಿದು ಹುಲ್ಲಿನ ಮೇಲೆ ಕೂತುಬಿಡಿ.

ಜೂ: 1892ರಿಂದ ಇರುವ ಜಾಗ, ಮರಗಳೇ ಅರ್ಧ ಸೊಗಸು. ಬೆಳಗ್ಗೆ ಎಂಟೂವರೆಗೆ ಗೇಟಿನಲ್ಲಿರಿ. ಪೂರ್ತಿ ಸುತ್ತಿದರೆ ಮೂರು ಕಿಲೋಮೀಟರ್‌ಗೂ ಜಾಸ್ತಿ. ಚಿಕ್ಕವನು ಅರ್ಧಕ್ಕೇ "ಎತ್ಕೋ" ಅನ್ನುತ್ತಾನೆ, ಬ್ಯಾಟರಿ ಗಾಡಿ ಇದೆ. ಎಲ್ಲ ಪ್ರಾಣಿ ನೋಡಲೇಬೇಕು ಅಂತ ಹಟ ಹಿಡಿಯಬೇಡಿ. ಜಿರಾಫೆ, ಆನೆ, ಗೊರಿಲ್ಲಾ. ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದವು.

ಚಾಮುಂಡಿ ಬೆಟ್ಟ ಈ ಸಲ ಬೇಡ. ತಾಯಿ ಎಲ್ಲೂ ಹೋಗುವುದಿಲ್ಲ. ಮುಂದಿನ ಸಲ ಬನ್ನಿ.

ಮ್ಯೂನಿಕ್ ಮಾವ:
ಜರ್ಮನಿಯಿಂದನಾ! ಮಗನಿಗೆ ಹೇಳಿದೆ. "ಹಾಗಾದರೆ ಅವಕ್ಕೆ ಕನ್ನಡ ಬರುತ್ತಾ?" ಅಂತ ಕೇಳಿದ. ನಾಲ್ಕು ವರ್ಷ ಆಯಿತಲ್ಲ, ಕಲಿತಿರುತ್ತವೆ ಅಂದೆ. "ನಾನು ಇನ್ನೂ ಕಲಿತಿಲ್ಲ" ಅಂದ. ಉತ್ತರ ಹೊಳೆಯಲಿಲ್ಲ.

ಇನ್ನೊಂದು ವಿಷಯ. ಅಜ್ಜಿ, ಮೂಗು ಸೋರುತ್ತಿದೆ. ಟೋಪಿ ಎಲ್ಲಿ ಸಿಗುತ್ತದೆ?

ಅಜ್ಜಿ ನಂಬರ್ ಒನ್:
ಗಾಂಧಿ ಬಜಾರ್. ಅವರೆಕಾಯಿಯನ್ನೂ ತನ್ನಿ. ಈಗ ಸೊಗಡು ಅವರೆ ಬಂದಿದೆ. ರಾತ್ರಿ ಕಾಳು ನೆನೆಸಿ ಬೆಳಗ್ಗೆ ಮಕ್ಕಳ ಕೈಗೆ ಕೊಡಿ. ಹಿತಕಿದರೆ ಬೇಳೆ ಪಟ್ ಅಂತ ಹಾರುತ್ತದೆ. ನಮ್ಮ ಮನೆಯಲ್ಲಿ ಆರು ಮೊಮ್ಮಕ್ಕಳು ಯಾರದ್ದು ದೂರ ಹಾರುತ್ತದೆ ಅಂತ ಪಂದ್ಯ ಕಟ್ಟುತ್ತಾರೆ. ಒಂದು ಸೇರು ನೆನೆಸಿದರೆ ಮುಕ್ಕಾಲು ಪಾಲು ಸಾರಿಗೆ, ಉಳಿದದ್ದು ಸೋಫಾ ಕೆಳಗೆ. ಒಂದು ಬೆಳಗ್ಗೆ ಕಳೆಯುತ್ತದೆ, ಪೆಟ್ರೋಲ್ ಬೇಡ.

ಟೀಚರಮ್ಮ:
ಇದನ್ನು ನಾನು ರಜೆಯ ಪ್ರಾಜೆಕ್ಟ್ ಅಂತ ಕೊಡುತ್ತೇನೆ. ಥರ್ಮೋಕೋಲ್ ಬೇಡ.

ಜಯನಗರದ ಅಮ್ಮ:
ಎಲ್ಲರ ಮಾತು ಕೇಳಿ ಕೂತು ತೀರ್ಮಾನ ಮಾಡಿದೆವು. ಶನಿವಾರ ಮೆಟ್ರೋ, ವಿಶ್ವೇಶ್ವರಯ್ಯ ಮ್ಯೂಸಿಯಂ, ಮಧ್ಯಾಹ್ನಕ್ಕೆ ಮನೆ. ಭಾನುವಾರ ಜಾನಪದ ಲೋಕ, ಸಂಜೆ ಅರಮನೆ. ಸೋಮವಾರ ಜೂ, ರಾತ್ರಿಯೊಳಗೆ ಬೆಂಗಳೂರು. ಮಂಗಳವಾರ ಅವರೆಕಾಳು. ನಂದಿ, ಬನ್ನೇರುಘಟ್ಟ, ಚಾಮುಂಡಿ ಮೂರಕ್ಕೂ ಕತ್ತರಿ. ಯಜಮಾನರಿಗೆ ಸೂರ್ಯೋದಯ ತಪ್ಪಿತು ಅಂತ ಸ್ವಲ್ಪ ಮುಖ ಸಣ್ಣದಾಗಿದೆ. ಟೆರೇಸಿನಿಂದ ನೋಡಿ ಅಂದೆ.

ಜಯನಗರದ ಅಮ್ಮ:
ಬಂದೆವು. ಇಂದು 31. ವರದಿ ಕೊಡುತ್ತೇನೆ ಅಂದಿದ್ದೆ.

ಮ್ಯೂಸಿಯಂನಲ್ಲಿ ಮಗ ಡೈನೋಸಾರ್‌ಗೆ ಹೆದರಲಿಲ್ಲ, ಕೈ ಒಣಗಿಸುವ ಮಷಿನ್ನಿಗೆ ಹೆದರಿದ. ಅದಾದ ಮೇಲೆ ಎಲ್ಲ ಬಾತ್‌ರೂಮಿನಲ್ಲೂ "ಅದು ಇದೆಯಾ?" ಅಂತ ಮೊದಲು ಇಣುಕಿ ನೋಡುತ್ತಾನೆ.

ಭಾನುವಾರ ಎಂಟಕ್ಕೆ ಹೊರಡಬೇಕಿತ್ತು, ಒಂಬತ್ತೂವರೆ ಆಯಿತು. ಹಾಲು ಕೊಡಲಿಲ್ಲ, ಎರಡು ಇಡ್ಲಿ. ನಿಂಬೆಹಣ್ಣು ಬೇಕಾಗಲಿಲ್ಲ, ದಾರಿ ನೇರ ಇತ್ತು. ಆದರೂ ಮಗಳು ಅದನ್ನು ಕೈಬಿಡದೆ ಮೈಸೂರಿನವರೆಗೆ ಮೂಸಿದಳು. ಜಾನಪದ ಲೋಕದಲ್ಲಿ ಒಂದು ಗಂಟೆ ಅಂದುಕೊಂಡಿದ್ದೆ, ಎರಡೂವರೆ ಗಂಟೆ ಆಯಿತು. ನಾನು ನನ್ನ ಅಜ್ಜಿಯ ಮನೆಯ ಬೀಸುಕಲ್ಲಿನ ಕಥೆ ಶುರು ಮಾಡಿದೆ. ಮಗಳಿಗಿಂತ ಜಾಸ್ತಿ ಯಜಮಾನರು ಕೇಳಿದರು. ಮದುವೆಯಾಗಿ ಒಂಬತ್ತು ವರ್ಷ, ಆ ಕಥೆ ಅವರಿಗೆ ಹೇಳಿರಲೇ ಇಲ್ಲ ಅಂತ ಆಗ ಗೊತ್ತಾಯಿತು. ಚನ್ನಪಟ್ಟಣದಲ್ಲಿ ಒಂದೇ ಆಟಿಕೆ ಅಂತ ಮನೆಯಲ್ಲೇ ಮಾತಾಗಿತ್ತು. ನಾಲ್ಕು ಬಂತು. ಒಂದು ನನ್ನದು.

ಅರಮನೆಯಲ್ಲಿ ಆರೂವರೆಗೆ ಹುಲ್ಲಿನ ಮೇಲೆ ಕೂತೆವು. ಆರು ಐವತ್ತಕ್ಕೆ ಮಗ ಅಪ್ಪನ ಹೆಗಲ ಮೇಲೆ ನಿದ್ದೆ ಹೋದ. ದಾರಿಯಲ್ಲಿ ಮಧ್ಯಾಹ್ನದ ನಿದ್ದೆ ತಪ್ಪಿತ್ತು. ಮೂರು ಮಕ್ಕಳ ಅಪ್ಪ, ನಿಮ್ಮ ಪುರಾಣ ನಿಜ. ದೀಪ ಹತ್ತಿದಾಗ ಸುತ್ತ ಎಲ್ಲರೂ "ಹೋ" ಅಂದರು, ಇವನು ಕಣ್ಣು ಬಿಡಲಿಲ್ಲ. ಎಬ್ಬಿಸೋಣ ಅಂದರು ಇವರು. ನಾನು ಬೇಡ ಅಂದೆ. ಮಗಳು ಮಾತಾಡದೆ ಐದು ನಿಮಿಷ ಕೂತಿದ್ದಳು. ಅವಳು ಐದು ನಿಮಿಷ ಸುಮ್ಮನಿದ್ದದ್ದು ನಾನು ನೋಡಿದ್ದು ಅದೇ ಮೊದಲು.

ಜೂನಲ್ಲಿ ಎಂಟೂಮುಕ್ಕಾಲಿಗೆ ಒಳಗಿದ್ದೆವು. ಜಿರಾಫೆ ಹತ್ತಿರ ಅರ್ಧ ಗಂಟೆ. ಗೊರಿಲ್ಲಾಗೆ ಮಗಳು ಕನ್ನಡದಲ್ಲೇ ಮಾತಾಡಿಸಿದಳು. ಅದು ತಿರುಗಿ ಕೂತಿತು. ಹನ್ನೊಂದೂವರೆಗೆ ಜನ ತುಂಬಿದರು, ನಾವು ಹೊರಗೆ ಬಂದೆವು. ಹುಲಿ ನೋಡಲಿಲ್ಲ. ಯಾರೂ ಕೇಳಲಿಲ್ಲ.

ನಿನ್ನೆ ರಾತ್ರಿ ಮನೆಯಲ್ಲಿ ಮಗಳು ತಮ್ಮನನ್ನು ಹಾಲ್ ನಡುವೆ ಕೂರಿಸಿ, ಎಲ್ಲ ಲೈಟು ಆರಿಸಿ, ಸ್ವಿಚ್ ಬೋರ್ಡ್ ಪಕ್ಕ ಕುರ್ಚಿ ಹಾಕಿಕೊಂಡು ನಿಂತಳು. "ನೀನು ಮಲಗಿದ್ದೆಯಲ್ಲ, ಈಗ ನೋಡು" ಅಂತ ಎರಡೂ ಕೈಯಲ್ಲಿ ಎಲ್ಲ ಸ್ವಿಚ್ ಒಟ್ಟಿಗೆ ಒತ್ತಿದಳು. ಅವನು "ಹೋ" ಅಂದ. ಇಪ್ಪತ್ತು ಸಲವಾದರೂ ಆಗಿರಬೇಕು. ಒಂದು ಟ್ಯೂಬ್‌ಲೈಟ್ ಹೋಯಿತು.

ಕಲಬುರ್ಗಿ ರೊಟ್ಟಿ:
ಭಾಳ ಚೆಂದ ಅಕ್ಕಾ. ಸೀತನಿಗೆ ಬರ್ತೀರಲ್ಲ?

ಅಜ್ಜಿ ನಂಬರ್ ಒನ್:
ಎಲ್ಲ ಸರಿ. ಟೋಪಿ ಹಾಕಿದ್ದಿರಾ?

ಜಯನಗರದ ಅಮ್ಮ:
ಹಾಕಿದ್ದೆವು ಅಜ್ಜಿ. ಇಬ್ಬರಿಗೂ ಎರಡೆರಡು ತೆಗೆದುಕೊಂಡು ಹೋಗಿದ್ದೆ. ವಾಪಸ್ ಬಂದದ್ದು ಮೂರು.